ಊದಿದ ಮಂಡಿಯ ನೀರು

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳಿಗೆ ‘ಮೆಣಸಿನಕಾಯಿ’ ಎಂದು ಅಡ್ಡಹೆಸರು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಯಾರೊಂದಿಗೂ ನಕ್ಕು ಮಾತಾಡಿದವಳಲ್ಲ. ಕೈ ಮಾತ್ರ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ರೋಗಿಗಳ ಮಂಡಿಯಿಂದ ಸೂಜಿಯಲ್ಲಿ ತೆಗೆದ ನೀರು ಅವಳ ಮೇಜಿಗೆ ಬರುತ್ತಿತ್ತು. ಅದನ್ನು ಗಾಜಿನ ಬಟ್ಟಲಿಗೆ ಹಾಕಿ, ಸವೆದ ಮಂಡಿಗೆ ಡಾಕ್ಟರು ಚುಚ್ಚುವ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಅದರಲ್ಲಿಟ್ಟು, ಅವು ಕೀಲಿನ ಮೆತ್ತನೆಯ ಎಲುಬಾದ ಮೃದ್ವಸ್ಥಿಯಾಗುತ್ತವೆಯೇ ಎಂದು ಮೂರು ವಾರ ಕಾಯಬೇಕು. ಊತವಿಲ್ಲದ ಮಂಡಿಯ ನೀರಿನಲ್ಲಿ ಕೋಶಗಳು ಬೆಳ್ಳಗೆ ಗುಂಡಗೆ ಕೂಡಿ ರಬ್ಬರಿನಂತೆ ಗಟ್ಟಿಯಾಗುತ್ತಿದ್ದವು. ಊದಿ ಬಿಸಿಯಾದ ಮಂಡಿಯ ನೀರಿನಲ್ಲಿಟ್ಟವು ಚಿಮಟ ತಾಗಿದರೆ ಉದುರುತ್ತಿದ್ದವು. ಆರು ಸಲ ಮಾಡಿ ನೋಡಿದಳು. ಆರು ಸಲವೂ ಅದೇ.

ಊದಿದ ಮಂಡಿಗೆ ಕೋಶ ಹಾಕಬಾರದೆಂದು ಅವಳು ಬರೆದ ವರದಿಯನ್ನು ಡಾಕ್ಟರು ಮೇಜಿನ ತುದಿಗೆ ತಳ್ಳಿದರು. “ಬಟ್ಟಲೇ ಬೇರೆ, ಮನುಷ್ಯರ ಮಂಡಿಯೇ ಬೇರೆ. ನೀವು ನಿಮ್ಮ ಬಟ್ಟಲು ನೋಡ್ಕೊಳ್ಳಿ, ಸಾಕು.”

“ಹಾಗಾದ್ರೆ ನನ್ನ ಹತ್ರ ಯಾಕೆ ಕಳಿಸ್ತೀರಿ?”

ಅಂದಿನಿಂದ ಇಬ್ಬರ ನಡುವೆ ಮಾತೆಲ್ಲ ಚೀಟಿಯಲ್ಲೇ.

ಒಂದು ಸೋಮವಾರ ಬಂದ ನಳಿಕೆಯ ಮೇಲೆ ಅಕ್ಕನ ಹೆಸರಿತ್ತು. ಅಕ್ಕ ದರ್ಜಿ, ಹೊಲಿಗೆ ಯಂತ್ರ ತುಳಿದೂ ತುಳಿದೂ ಮಂಡಿ ಸವೆದಿತ್ತು. ಕಾಯಿಲೆ ಬಿದ್ದ ಅಮ್ಮನನ್ನು ಯಾರು ನೋಡಿಕೊಳ್ಳಬೇಕೆಂದು ಜಗಳವಾದ ಮೇಲೆ, ನಾಲ್ಕು ವರ್ಷದಿಂದ ಇಬ್ಬರೂ ಮುಖ ತಿರುಗಿಸಿಕೊಂಡಿದ್ದರು. ನಳಿಕೆ ಓರೆ ಮಾಡಿದಳು. ಎಳೆಯಾಗಿ ಜಾರಬೇಕಾದ ನೀರು ತೊಟತೊಟನೆ ಹನಿಯಿತು, ಬಣ್ಣವೂ ಮಂಕು; ಊದಿದ ಮಂಡಿಯದೇ ಗುರುತು. ಕೈಗವಸು ಕಿತ್ತೆಸೆದು ಮಹಡಿ ಹತ್ತಿದಳು.

ಚಿಕಿತ್ಸೆಯ ಕೋಣೆಯಲ್ಲಿ ಅಕ್ಕ ಮಲಗಿದ್ದಳು. ಡಾಕ್ಟರ ಕೈಯಲ್ಲಿ ಆಗಲೇ ಕೋಶ ತುಂಬಿದ ಸಿರಿಂಜು.

“ಇವತ್ತು ಬೇಡ ಅಕ್ಕ. ಒಳಗೆ ಇನ್ನೂ ಉರೀತಿದೆ, ಹಾಕಿದ್ದೆಲ್ಲ ಹಾಳಾಗುತ್ತೆ. ಮೊದಲು ಊತ ಇಳೀಲಿ.”

“ನಾನು ನಡೆದಾಡಿದ್ರೆ ನಿನಗೆ ಹೊಟ್ಟೆ ಉರಿಯುತ್ತೆ, ಅಲ್ವೇನೇ?” ಅಕ್ಕ ಗೋಡೆಯತ್ತ ತಿರುಗಿದಳು. “ಡಾಕ್ಟ್ರೇ, ಇವಳನ್ನ ಆಚೆ ಕಳಿಸಿ.”

ಕಳಿಸಿದರು, ಸೂಜಿಯನ್ನೂ ಚುಚ್ಚಿದರು. ಮರುದಿನ ಅವಳನ್ನು ಪಾತ್ರೆ ತೊಳೆಯುವ ಕೋಣೆಗೂ ಹಾಕಿದರು. ಅವಳು ಆರೂ ಸಲದ ವರದಿಗಳನ್ನು ಆಸ್ಪತ್ರೆಯ ಸಮಿತಿಗೆ ಕಳಿಸಿದಳು.

ಐದು ತಿಂಗಳಾದ ಮೇಲೆ ಅಕ್ಕ ಕೋಲೂರಿಕೊಂಡು ಆ ಕೋಣೆಯ ಬಾಗಿಲಿಗೆ ಬಂದಳು. ಮಂಡಿ ಮೊದಲಿಗಿಂತ ದಪ್ಪವಾಗಿತ್ತು.

“ನೀನು ಹೇಳಿದ್ದೇ ಆಯ್ತು. ಈಗ ಸಮಾಧಾನಾನಾ?”

“ಸಮಾಧಾನಕ್ಕೆ ಅಂತ ಅವತ್ತು ಮಹಡಿ ಹತ್ತಿ ಬಂದಿದ್ನಾ?” ಎಂದಳು ತಂಗಿ. ಊತ ಇಳಿಸಿ ಆಮೇಲೆ ಮುಂದಿನದು ನೋಡುವ ಬೇರೆ ಡಾಕ್ಟರೊಬ್ಬರ ವಿಳಾಸ ಬರೆದು ಮುಂದೆ ಹಿಡಿದಳು. ಅಕ್ಕ ಅದನ್ನು ಕಸಿದುಕೊಂಡು ಹೊರಟಳು.

ಆ ವಾರವೇ ಸೂಚನಾ ಫಲಕದಲ್ಲಿ ಸಮಿತಿಯ ಆದೇಶ ಬಿತ್ತು: ಊದಿದ ಮಂಡಿಗೆ ಕೋಶ ಹಾಕುವಂತಿಲ್ಲ. ಅದರಲ್ಲಿ ಅವಳ ಹೆಸರಿರಲಿಲ್ಲ. ಹಳೆಯ ಮೇಜಿಗೂ ಯಾರೂ ಕರೆಯಲಿಲ್ಲ.