ಐದು ಅಂಗನವಾಡಿ, ಅಲುಗದ ತೂಕ

ಆಡಿಟ್‌ನವರ ಆಕ್ಷೇಪಣೆಗಳಿಗೆ ಉತ್ತರ ಬರೆಯುವುದು ಆಂಜನಮ್ಮನವರ ಕೆಲಸ. ಕಲ್ಯಾಣ ನಗರದಿಂದ ಬಸ್ಸಿನಲ್ಲಿ ಬಂದು, ಅಂಗನವಾಡಿಗಳನ್ನು ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದರು. ‘ಸಂಬಂಧಪಟ್ಟವರಿಗೆ ಎಚ್ಚರಿಕೆ ನೀಡಲಾಗಿದೆ’ ಎಂಬ ಸಾಲು ಎಷ್ಟು ರೂಢಿಯಾಗಿತ್ತೆಂದರೆ, ಆಕ್ಷೇಪಣೆ ಪೂರ್ತಿ ಓದುವ ಮೊದಲೇ ಟೈಪಾಗಿಬಿಡುತ್ತಿತ್ತು.

ಹೋದ ವರ್ಷದ ವರದಿಯಲ್ಲಿ, ತಪಾಸಣೆ ಮಾಡಿದ ಐದು ಅಂಗನವಾಡಿಗಳಲ್ಲಿ ಮಕ್ಕಳ ತೂಕ ಆರು ತಿಂಗಳಿಂದ ಬದಲಾಗಿಲ್ಲ ಎಂದಿತ್ತು. ಐವರು ಕಾರ್ಯಕರ್ತೆಯರಿಗೂ ನೋಟಿಸ್ ಸಿದ್ಧವಾಯಿತು. ಅದರಲ್ಲಿ ಲಿಂಗರಾಜಪುರದ ಹಮೀದಾ ಹೆಸರು ನೋಡಿ ಆಂಜನಮ್ಮನವರಿಗೆ ನಂಬಲಾಗಲಿಲ್ಲ. ಜ್ವರ ಬಂದರೂ ರಜೆ ಹಾಕದ ಹೆಂಗಸು ಆಕೆ. ನೋಟಿಸ್ ಚೀಲದಲ್ಲಿಟ್ಟುಕೊಂಡು ತಾವೇ ಹೋದರು.

ಹಮೀದಾ ತೂಕದ ಮಷೀನ್ ತೋರಿಸಿದರು. ಮಗು ಹತ್ತಿದರೂ ಇಳಿದರೂ ಮುಳ್ಳು ಅಲುಗಲಿಲ್ಲ.

“ಕೆಟ್ಟಿದೆ ಅಂತ ಮೂರು ಸಲ ಬರ್ಕೊಟ್ಟೆ ಮೇಡಂ.”

“ಮತ್ತೆ ತೂಕ ಯಾಕ್ ಹಾಕಿದ್ರಿ?”

“ಮೊಬೈಲಲ್ಲಿ ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ. ರಿಪೋರ್ಟ್ ಲೇಟಾದ್ರೆ ಫೋನ್ ಮಾಡೋದು ನೀವೇ ಅಲ್ವಾ? ಹಿಂದಿನ ತಿಂಗಳದ್ದೇ ಹಾಕ್ಬಿಟ್ಟೆ.”

ಆಂಜನಮ್ಮನವರು ನೋಟಿಸನ್ನು ಚೀಲದಿಂದ ತೆಗೆಯಲೇ ಇಲ್ಲ. ಫೋನ್ ಮಾಡುತ್ತಿದ್ದದ್ದು ನಿಜ. ಕಚೇರಿಗೆ ಮರಳಿ ಹುಡುಕಿದರೆ ಆ ಮೂರೂ ಪತ್ರ ಸಿಕ್ಕವು. ಮಷೀನ್ ಬದಲಿಸುವ ಕೆಲಸವನ್ನು ಯಾರಿಗೂ ವಹಿಸಿರಲೇ ಇಲ್ಲ.

ಅಧಿಕಾರಿ ಉಮಾಶ್ರೀ ರಾಯಚೂರಿನ ಕಡೆಯವರು, ಆಗಷ್ಟೇ ಬಂದಿದ್ದರು. ಆಂಜನಮ್ಮನವರು ಪತ್ರಗಳನ್ನು ಅವರ ಮುಂದಿಟ್ಟರು.

“ನೋಟಿಸ್ ಕೊಟ್ರೆ ಫೈಲ್ ಮುಗಿಯುತ್ತೆ ಮೇಡಂ. ಮಷೀನ್ ಹಂಗೇ ಇರುತ್ತೆ.”

“ಉಳಿದ ಕಡೆ ಹೆಂಗದ?”

“ಆಡಿಟ್‌ನವರು ನೋಡಿದ್ದು ಐದೇ. ನಮ್ಮವು ಅರವತ್ತೆಂಟಿವೆ.”

“ಎಲ್ಲಾ ನೋಡ್ಕೊಂಡು ಬರ್ರಿ. ನೋಟಿಸ್ ಬ್ಯಾಡ.”

ಎರಡು ವಾರ ಸುತ್ತಿದಾಗ ಮೂವತ್ತೊಂದು ಮಷೀನ್ ಕೆಟ್ಟಿದ್ದವು. ಈ ಸಲದ ಉತ್ತರ ಮೂರು ಪುಟವಾಯಿತು. ತಪ್ಪು ಕಚೇರಿಯದೇ ಎಂದು ಬರೆಯುವಾಗ ಆಂಜನಮ್ಮನವರಿಗೆ ಸ್ವಲ್ಪ ಹೆದರಿಕೆಯಾಯಿತು; ಉಮಾಶ್ರೀ ಓದಿ ಸಹಿ ಹಾಕಿದರು. ಕೆಟ್ಟವೆಲ್ಲ ಬದಲಾದವು. ಮುಂದೆ ಕೆಟ್ಟರೆ ವಾರದೊಳಗೆ ಬೇರೆ ಕೊಡಲೆಂದು ಆರು ಮಷೀನ್ ಕಚೇರಿಯಲ್ಲೇ ಉಳಿದವು, ಆ ಹೊಣೆ ಆಂಜನಮ್ಮನವರ ಹೆಸರಿಗೇ ಬಂತು. ಮೊಬೈಲಿನಲ್ಲಿ ‘ತೂಕ ಮಾಡಿಲ್ಲ’ ಎಂಬ ಆಯ್ಕೆ ಸೇರಲು ಮಾತ್ರ ಐದು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ತೂಕ ಮಾಡದ ದಿನವನ್ನೂ ಕಾರಣವನ್ನೂ ಕಾರ್ಯಕರ್ತೆಯರು ನೋಟ್‌ಬುಕ್ಕಿನಲ್ಲೇ ಬರೆದರು.

ಈ ವರ್ಷ ಆಡಿಟ್‌ನವರು ಮತ್ತೆ ಬಂದರು.

“ಹನ್ನೊಂದು ಕಡೆ ಖಾಲಿ ಇದೆಯಲ್ಲ?”

“ಆವತ್ತು ತೂಕ ಮಾಡಿಲ್ಲ ಸರ್. ಪಕ್ಕದಲ್ಲಿ ಕಾರಣ ಇದೆ ನೋಡಿ.”

ಅವರು ಓದಿ, ಮಷೀನ್ ಬದಲಾದ ತಾರೀಖು ತಾಳೆ ನೋಡಿ, ಹಳೆಯ ಆಕ್ಷೇಪಣೆ ಕೈಬಿಟ್ಟರು.

ಲಿಂಗರಾಜಪುರದಲ್ಲಿ, ಯಾದಗಿರಿಯಿಂದ ಕೆಲಸಕ್ಕೆ ಬಂದ ಬಾಲಮ್ಮನ ಮಗಳ ತೂಕ ಇಳಿಯುತ್ತಿದ್ದದ್ದು ಹೊಸ ಮಷೀನಿನಲ್ಲಿ ಗೊತ್ತಾಗಿತ್ತು. ಹಮೀದಾ ಡಾಕ್ಟರ ಹತ್ತಿರ ಕಳಿಸಿದರು. ಮಗು ಈಗ ಚೇತರಿಸಿಕೊಂಡಿದೆ. ಕಳೆದ ಮಂಗಳವಾರ ಆಂಜನಮ್ಮನವರು ಹೋದಾಗ ಅದು ಮಷೀನಿನಿಂದ ಇಳಿಯಲೊಲ್ಲದೆ ಕುಣಿಯುತ್ತಿತ್ತು. ಹಮೀದಾ ಗದರಲು ಹೋದರು. ಆಂಜನಮ್ಮನವರು ಬೇಡವೆಂದು, ಅದು ಸಾಕಾಗಿ ನಿಲ್ಲುವವರೆಗೂ ಎದುರಿಗೆ ಕುಳಿತು ನೋಡಿದರು.