ಚೀಲದಲ್ಲಿ ಉಳಿದದ್ದು

ಮೊನ್ನೆ ಹಳೆಯ ಕೈಚೀಲ ಝಾಡಿಸುವಾಗ ಕಬ್ಬಿಣದ ಕೀಲಿಕೈಯೊಂದು ನೆಲಕ್ಕೆ ಬಿತ್ತು. ಎತ್ತಿಟ್ಟೆ. ಅಂಗೈಗೆ ಹತ್ತಿದ ತುಕ್ಕಿನ ವಾಸನೆ ಸೋಪು ಹಚ್ಚಿ ತೊಳೆದರೂ ಹೋಗಲಿಲ್ಲ. ಅದರಿಂದ ಯಾವ ಬಾಗಿಲು ತೆರೆದದ್ದನ್ನೂ ನಾನು ನೋಡಿಲ್ಲ.

ಕುಷ್ಟಗಿಯಲ್ಲಿ ನಮ್ಮ ಮಗ್ಗುಲ ಮನೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದ ಅಕ್ಕನದು ಅದು. ಆಕೆಗೆ ವರ್ಷಕ್ಕೆ ಒಂದೆರಡು ಸಲ ಫಿಟ್ಸ್ ಬರುತ್ತಿತ್ತು. ಬಂದಾಗ ಬಿಗಿದ ಮುಷ್ಟಿಯೊಳಗೆ ಕೀಲಿಕೈ ತುರುಕುವುದು ನಮ್ಮ ಕಡೆಯ ರೂಢಿ. ಅದರಿಂದ ಏನೂ ಆಗುವುದಿಲ್ಲವೆಂದು ಬಿ.ಎಸ್ಸಿ. ಓದಿದ ನನಗೆ ಗೊತ್ತಿತ್ತು. ಆದರೂ ತುರುಕುತ್ತಿದ್ದೆ… ಫಿಟ್ಸಿನ ಗುಳಿಗೆಗಳನ್ನು ಅಕ್ಕ ಹೊಲಿಗೆ ಮಷೀನಿನ ಬಾಬಿನ್ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ಬೆಳಿಗ್ಗೆ ಒಂದು, ಸಂಜೆ ಒಂದು. ಆಕೆಯ ಮಗಳನ್ನೂ ನನ್ನನ್ನೂ ಬಿಟ್ಟರೆ ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅಕ್ಕನ ಪಿತ್ತಕೋಶದಲ್ಲಿ ಕಲ್ಲಾಗಿ ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಎಂದಾಯಿತು. ಓದಿದವಳೆಂದು ನನ್ನನ್ನೇ ಜೊತೆಗೆ ಕರೆದೊಯ್ದಳು. ಹೊರಡುವಾಗ ಆ ಕೀಲಿಕೈಯನ್ನೂ ಕಾಗದದಲ್ಲಿ ಸುತ್ತಿದ ಎರಡು ಗುಳಿಗೆಗಳನ್ನೂ ನನ್ನ ಚೀಲಕ್ಕೆ ಹಾಕಿದಳು.

ಅದೇ ವಾರ ಮಗಳಿಗೆ ಗಿಣಿಗೇರಾದ ಫ್ಯಾಕ್ಟರಿ ಹುಡುಗನೊಡನೆ ಮದುವೆ ಗೊತ್ತಾಗಿತ್ತು. ಆಪರೇಷನ್ನಿನ ಹಿಂದಿನ ದಿನ ಹುಡುಗನ ತಾಯಿ ಅಕ್ಕನನ್ನು ನೋಡಲು ಬಂದು ಮಂಚದ ಪಕ್ಕದಲ್ಲೇ ಕೂತುಬಿಟ್ಟಿದ್ದಳು. ಅರಿವಳಿಕೆ ಕೊಡುವ ಡಾಕ್ಟರು ಆಗಲೇ ಬಂದರು.

“ಬಿ.ಪಿ., ಶುಗರ್ ಐತೇನ್ರಿ? ಫಿಟ್ಸ್ ಬಂದಿತ್ತೇನು? ದಿನಾ ತಗೊಳ್ಳೋ ಗುಳಿಗಿ?”

ಹೊದಿಕೆಯ ಕೆಳಗಿಂದ ಅಕ್ಕ ನನ್ನ ತೊಡೆ ಚಿವುಟಿದಳು.

“ಏನೂ ಇಲ್ರಿ,” ಅಂದೆ ನಾನು.

ಸಂಜೆಯ ಗುಳಿಗೆಯ ಹೊತ್ತಿಗೂ ಬೀಗತಿ ಎದ್ದುಹೋಗಿರಲಿಲ್ಲ. ಅದು ಹಾಗೇ ತಪ್ಪಿತು. ಬೆಳಿಗ್ಗೆ ಬಾಯಿಗೆ ಏನೂ ಹಾಕಬಾರದೆಂದು ನರ್ಸ್ ಹೇಳಿಹೋಗಿದ್ದಳು. ಅಕ್ಕನಿಗೆ ನಗು. “ಶಿವರಾತ್ರಿಗಿ ಬಾಳಿಹಣ್ಣರ ತಿಂತೀವಿ. ಇವರು ನೀರೂ ಕುಡಿಗೊಡಂಗಿಲ್ಲ ನೋಡವಾ!”

“ಗುಳಿಗಿ?” ಎಂದು ಪಿಸುಗುಟ್ಟಿದೆ.

“ಉಪವಾಸ ಅಂದ್ರ ಉಪವಾಸ. ಅದೂ ಬಾಯಾಗ ಹಾಕ್ಕೊಳ್ಳೋದ ಅಲ್ಲೇನ?”

ನರ್ಸನ್ನು ಕೇಳಬಹುದಿತ್ತು. ಕೇಳಿದರೆ ಯಾತರ ಗುಳಿಗೆ ಎಂದು ಹೇಳಬೇಕಾಗುತ್ತಿತ್ತು. ಕಾಗದದ ಪುಡಿಕೆಯನ್ನು ಚೀಲದ ಮೂಲೆಗೆ ತಳ್ಳಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ವಾರ್ಡಿಗೆ ತಂದು ಅರ್ಧ ಗಂಟೆಯಾಗಿರಬೇಕು, ಅಕ್ಕನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಕೈಕಾಲು ಸೆಟೆದು ಮಂಚ ಗಡಗಡ ಅಲುಗಿತು. ಒಂದು ನಿಲ್ಲುವುದರೊಳಗೆ ಇನ್ನೊಂದು. ವಾಂತಿ ಉಸಿರಿನ ದಾರಿಗೆ ಹೋಯಿತು. ನಾನು… ನಾನು ಚೀಲ ತಡಕಾಡಿ ಆ ಮುಷ್ಟಿಗೆ ಕೀಲಿಕೈ ತುರುಕಿದೆ.

ಓಡಿಬಂದ ಡಾಕ್ಟರ ಕಣ್ಣು ಅದರ ಮೇಲೆ ಬಿತ್ತು. “ಇದನ್ನ ಮನಿಯಿಂದನ ತಂದೀರಿ? ಅಂದ್ರ ಮೊದಲಿಂದ ಐತಿ?”

“ಐತ್ರಿ…”

“ನಿನ್ನೆ ಕೇಳಿದ್ನಲ್ರಿ ತಾಯಿ! ಒಂದು ಗುಟುಕು ನೀರಾಗ ಗುಳಿಗಿ ನುಂಗಿಸ್ತಿದ್ವಿ. ಅರಿವಳಿಕಿ ಮದ್ದೂ ನೋಡಿ ಕೊಡ್ತಿದ್ವಿ.”

ಕೀಲಿಕೈಯನ್ನು ಆ ಮುಷ್ಟಿಯಿಂದ ಬಿಡಿಸಿ ಚೀಲಕ್ಕೆ ಹಾಕಿಕೊಂಡೆ. ನಾಲ್ಕನೆಯ ದಿನ ಅಕ್ಕ ಹೋದಳು.

ಮಣ್ಣಿಗೆ ಬಂದ ಬೀಗತಿ ಎಲ್ಲರ ಎದುರು ಅತ್ತಳು. “ಹೇಳಿದ್ರ ನಾವೇನು ಸಂಬಂಧ ಬಿಡ್ತಿದ್ವೇನ?” ಎರಡೇ ತಿಂಗಳಲ್ಲಿ ಬಿಟ್ಟರು. ರೋಗ ರಕ್ತದಲ್ಲೇ ಇರುತ್ತದಂತೆ. ಮಗಳು ಈಗ ಗಂಗಾವತಿಯ ಅಂಗಡಿಯೊಂದರಲ್ಲಿ ಹೊಲಿಯುತ್ತಾಳೆ. ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ. ತಪ್ಪೆನ್ನಲು ನನಗೆ ಬಾಯಿಲ್ಲ.

ಮೊನ್ನೆ ಕೀಲಿಕೈ ಬಿದ್ದ ಮೇಲೆ ಚೀಲದ ಮೂಲೆಗೆ ಕೈ ಹಾಕಿದೆ. ಕಾಗದದ ಪುಡಿಕೆ ಅಲ್ಲೇ ಇತ್ತು. ಬಿಚ್ಚಿದೆ. ಒಂದು ಗುಳಿಗೆ ಪುಡಿಯಾಗಿತ್ತು, ಇನ್ನೊಂದು ಇಡಿಯಾಗಿಯೇ ಇತ್ತು.