ಒಂಟಿ ರನ್ನಿನ ವಾದ

ನನ್ನ ಯಜಮಾನರ ಬಲಗೈಯ ತೋರುಬೆರಳು ಮೇಲಿನ ಗೆಣ್ಣಿನಲ್ಲಿ ಎಡಕ್ಕೆ ತಿರುಗಿತ್ತು. ಮದುವೆಗೆ ಮೊದಲೇ ಯಾವುದೋ ಕ್ಯಾಚ್ ಹಿಡಿಯಲು ಹೋಗಿ ಮುರಿದುಕೊಂಡದ್ದು. ವಾದಕ್ಕೆ ಕುಳಿತಾಗ ಆ ಬೆರಳನ್ನು ಎದುರಿನವರತ್ತ ಎತ್ತುತ್ತಿದ್ದರು. ಅದು ಪಕ್ಕದಲ್ಲಿ ಕುಳಿತವರನ್ನು ತೋರಿಸುತ್ತಿತ್ತು. ಪಂದ್ಯವೊಂದನ್ನು ಆಡಿ ಬಂದ ಆ ಭಾನುವಾರ ಸಂಜೆಯೂ ನಮ್ಮ ಜಗಲಿಯಲ್ಲಿ ಬೆರಳು ಹಾಗೆಯೇ ಎದ್ದಿತ್ತು. ಅವರ ಕತ್ತಿಗೆ ಪಿಚ್ಚಿನ ಚಾಪೆಯ ನಾರು ಅಂಟಿಕೊಂಡಿತ್ತು. ಸ್ನಾನಕ್ಕೆ ನೀರು ಕಾದಿದೆ ಎಂದು ನಾನು ಒಳಗಿನಿಂದ ಹೇಳುತ್ತಲೇ ಇದ್ದೆ. ಯಾರೂ ಕೇಳಲಿಲ್ಲ.

ಹೊನ್ನಾವರದ ಬಂದರಿನಲ್ಲಿ ಶರಾವತಿ ದಾಟಿಸುವ ಲಾಂಚಿಗೆ ಟಿಕೆಟ್ ಕೊಡುವ ಕೆಲಸ ಅವರದು. ಆಗ ಹೊಳೆಗೆ ಸೇತುವೆ ಇರಲಿಲ್ಲ. ಟೆಸ್ಟ್ ಪಂದ್ಯ ನಡೆಯುವ ದಿನಗಳಲ್ಲಿ ರಜೆ ಹಾಕಿಯೋ, ಬೇರೆಯವರನ್ನು ಕೂರಿಸಿಯೋ ಮನೆಗೆ ಬಂದು ರೇಡಿಯೋ ಹಚ್ಚುತ್ತಿದ್ದರು. ಭಟ್ಕಳದಿಂದ ಬಂದು ನಮ್ಮ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಾಹೇಬರೂ ಶಾಲೆಯ ಮಾಸ್ತರರೂ ಜೊತೆಗೆ ಬರುತ್ತಿದ್ದರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿದವಳು, ರೇಡಿಯೋದ ಇಂಗ್ಲಿಷು ನನಗೆ ತಿಳಿಯುತ್ತಿರಲಿಲ್ಲ. ಆದರೆ ಈ ಮೂವರ ಜಗಳದಿಂದ ನಾನು ಇಡೀ ಆಟವನ್ನೂ ರೇಡಿಯೋದವರ ಆಟದ ಮಾತುಗಳನ್ನೂ ಕಲಿತೆ. ಅಡಿಗೆಮನೆಯ ಬಾಗಿಲಿಗೆ ಒರಗಿ ಅಕ್ಕಿ ಆರಿಸುತ್ತ ಕೂತರೆ ಎಲ್ಲವೂ ಕೇಳುತ್ತಿತ್ತು.

ಮೊದಲ ಆರೇಳು ಮಂದಿ ಆಡುವಾಗ ಅವರಲ್ಲಿ ಅಷ್ಟೇನೂ ಭೇದವಿರಲಿಲ್ಲ. ಕೊನೆಗೆ ಇಳಿಯುವ ಬಾಲದ ಆಟಗಾರರು ಬಂದರೆಂದರೆ ಜಗಲಿ ಎರಡಾಗುತ್ತಿತ್ತು. ಒಂದು ತುದಿಯಲ್ಲಿ ನೆಲೆನಿಂತ ಬ್ಯಾಟ್ಸ್‌ಮನ್ ಇದ್ದಾನೆ, ಇನ್ನೊಂದು ತುದಿಯಲ್ಲಿ ಬೌಲ್ ಮಾಡಲೆಂದೇ ತಂಡಕ್ಕೆ ಬಂದವನು. ಎದುರು ಪಾಳಯದವರು ನೆಲೆನಿಂತವನಿಗೆ ಫೀಲ್ಡನ್ನು ದೂರ ಹಾಕಿ, ಬೇಕಾದರೆ ಒಂದು ರನ್ ತಗೋ ಎನ್ನುತ್ತಾರೆ. ಓಡಿದರೆ ಬಾಲದವನು ಬೌಲರನ ಎದುರಿಗೆ ಸಿಕ್ಕಿಬೀಳುತ್ತಾನೆ. ಹಾಗಾಗಿ ಓವರಿನ ಕೊನೆಯವರೆಗೂ ಓಡಕೂಡದು, ಕೊನೆಯ ಬಾಲಿಗೆ ಮಾತ್ರ ಒಂದು ರನ್ ಕದ್ದು, ಮುಂದಿನ ಓವರನ್ನೂ ತಾನೇ ಎದುರಿಸುವಂತೆ ಆಚೆ ತುದಿಗೆ ಹೋಗಬೇಕು ಎಂದು ಸಾಹೇಬರ ವಾದ. ನಮ್ಮ ಯಜಮಾನರದು ಅದಕ್ಕೆ ತದ್ವಿರುದ್ಧ. ರನ್ ಇದ್ದರೆ ಓಡಲೇಬೇಕು. ಬಚ್ಚಿಟ್ಟಷ್ಟೂ ಅವನ ಕಾಲು ನಡುಗುತ್ತದೆ, ಎದುರಿಸಿದರೆ ತಾನೇ ನಿಲ್ಲುತ್ತಾನೆ ಎನ್ನುತ್ತಿದ್ದರು. ಮಾಸ್ತರರು ಚಹಾ ಮುಗಿಯುವವರೆಗೆ ಒಂದು ಕಡೆ, ಮುಗಿದ ಮೇಲೆ ಇನ್ನೊಂದು ಕಡೆ.

ನಮ್ಮ ಊರಿನ ತಂಡದಲ್ಲಿ ಇವರು ಹನ್ನೊಂದನೆಯವರು. ಇವರ ವಾದಕ್ಕೆ ಅದೇ ಕಾರಣ ಎಂದು ಸಾಹೇಬರು ಛೇಡಿಸುತ್ತಿದ್ದರು.

ಆ ಭಾನುವಾರ ಹೊಳೆಯಾಚೆ ಕಾಸರಕೋಡಿನಲ್ಲಿ ಭಟ್ಕಳದವರೊಡನೆ ಪಂದ್ಯವಿತ್ತು. ನಮ್ಮವರು ಪಿಚ್ಚಿಗೆ ಹಾಸುವ ನಾರಿನ ಚಾಪೆಯನ್ನು ಸುರುಳಿ ಸುತ್ತಿ ಲಾಂಚಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಕೊನೆಯ ಲಾಂಚು ಹಾರ್ನ್ ಹಾಕಿತೆಂದರೆ ಆಟ ಮುಗಿಯಿತೆಂದು ಎರಡೂ ಊರಿನವರ ಒಪ್ಪಂದ. ಇಲ್ಲದಿದ್ದರೆ ನಮ್ಮವರು ಆಚೆ ದಡದಲ್ಲೇ ಉಳಿಯಬೇಕಲ್ಲ. ಗೆಲ್ಲುವ ಆಸೆ ನಮ್ಮವರಿಗೆ ಇರಲಿಲ್ಲ. ಒಂದೇ ವಿಕೆಟ್ ಉಳಿದಿತ್ತು. ಹಾರ್ನ್ ಕೇಳುವವರೆಗೆ ನಿಂತರೆ ಡ್ರಾ. ಮಾಸ್ತರರು ಎದುರಿಸುತ್ತಿದ್ದರು, ಇವರು ಆಚೆ ತುದಿಯಲ್ಲಿ. ಮಾಸ್ತರರು ಕೊನೆಯ ಬಾಲಿಗೆ ಬಿಟ್ಟರೆ ಓಡದೆ ಓವರುಗಳನ್ನು ಕಳೆಯುತ್ತಿದ್ದಾಗ ಇವರು ಪಿಚ್ಚಿನ ನಡುವೆ ಬಂದು ನಿಂತು, "ಓಡಿ ಮಾಸ್ತರೇ, ನಾನೂ ಬ್ಯಾಟ್ ಹಿಡ್ಕಂಡೇ ಬಂದದ್ದು" ಎಂದರಂತೆ. ಮಾಸ್ತರರು ನಾಚಿಕೆಗೆ ಓಡಿದರು. ಮುಂದಿನ ಬಾಲಿಗೆ ಇವರ ನಡುವಿನ ಗೂಟ ಬಿತ್ತು. ಹಾರ್ನ್ ಹಾಕಬೇಕಾದ ಕೊನೆಯ ಲಾಂಚು ಆಗಲೇ ನಡುಹೊಳೆಯವರೆಗೆ ಬಂದಿತ್ತು.

"ಟಿಕೆಟ್ ಕೊಡುವವರೇ ಲಾಂಚು ತಪ್ಪಿಸಿಕೊಂಡ್ರಲ್ಲ!" ಎಂದು ಸಾಹೇಬರು ಜಗಲಿಯಲ್ಲಿ ಕೂತು ನಕ್ಕರು.

ಇವರು ಬೆರಳೆತ್ತಿ, "ಔಟಾದೆ. ಆಡಿ ಔಟಾದೆ. ಅದರಲ್ಲಿ ಎಂತ ಉಂಟು ಸಾಹೇಬರೇ?" ಎಂದರು. ಸೋತುಬಂದವರ ಮುಖ ಅದಾಗಿರಲಿಲ್ಲ. ಕೊನೆಗೂ ಆರಿದ ನೀರಿನಲ್ಲೇ ಸ್ನಾನ ಮಾಡಿದರು.

ಮರುದಿನ ಬೆಳಿಗ್ಗೆ ಟಿಕೆಟ್ ಕಿಟಕಿಯ ಹಿಂದೆ ಎದೆ ಹಿಡಿದುಕೊಂಡು ಬಿದ್ದರು. ಲಾಂಚಿನ ಖಲಾಸಿಗಳು ಮನೆಗೆ ಹೊತ್ತುತಂದರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಹೃದಯ ದುರ್ಬಲವಾಗಿದೆ, ಮೆಟ್ಟಿಲು ಹತ್ತಬಾರದು, ಏರುದನಿಯ ಮಾತು ಬೇಡ, ಸಿಟ್ಟು ಬರಿಸಬೇಡಿ ಎಂದರು. ಅದನ್ನು ನಾನೇ ಸಾಹೇಬರಿಗೂ ಮಾಸ್ತರರಿಗೂ ತಿಳಿಸಿದೆ.

ಚಳಿಗಾಲದಲ್ಲಿ ಟೆಸ್ಟ್ ಶುರುವಾದಾಗ ಇಬ್ಬರೂ ಬಂದರು. ನಮ್ಮ ದೇಶದ ತಂಡದ ಬಾಲದ ಆಟಗಾರರು ಆಡುತ್ತಿದ್ದರು. ನೆಲೆನಿಂತವನು ಒಂದು ಸುಲಭದ ರನ್ ಬಿಟ್ಟ. "ಓಡಬೇಕಿತ್ತು" ಎಂದು ಇವರು ಮೆಲ್ಲಗೆ ಹೇಳಿದರು. ಸಾಹೇಬರು ತಮ್ಮ ಟೊಪ್ಪಿಗೆ ಸರಿಮಾಡಿಕೊಂಡು, ನೀವು ಹೇಳುವುದೇ ಸರಿ ಎಂದರು. ಮಾಸ್ತರರೂ ತಲೆಯಾಡಿಸಿದರು. ಇವರು ಇಬ್ಬರ ಮುಖವನ್ನೂ ನೋಡಿ ಕೈ ಚಾಚಿ ರೇಡಿಯೋ ಆರಿಸಿದರು. ಅವರಿಬ್ಬರೂ ಚಹಾ ಕುಡಿದು ಬೇಗ ಎದ್ದುಹೋದರು.

ಯಾಕೆ ಆರಿಸಿದಿರಿ ಎಂದು ನಾನು ಕೇಳಿದೆ. ಅವರು ಗೋಡೆಗೆ ಒರಗಿಕೊಂಡರು.

"ಸಾಹೇಬರು ನನ್ನ ಹತ್ರ ಸೋತದ್ದು ನೀ ಯಾವಾಗಾದ್ರೂ ಕಂಡಿದ್ದೀಯಾ? ನಾನು ಬದುಕಿದ್ದೇನೆ ಮಾರಾಯ್ತಿ. ನನ್ನ ಎದುರು ಯಾರೂ ಆಡೂದಿಲ್ಲ ಈಗ."

ಆ ಮಾತು ನನ್ನನ್ನು ಮಲಗಗೊಡಲಿಲ್ಲ. ಡಾಕ್ಟರ ಮಾತು ಮೀರಿದರೆ ಅವರ ಜೀವಕ್ಕೆ ಅಪಾಯ. ಮೀರದಿದ್ದರೆ ಅವರು ಹೀಗೆಯೇ ಗೋಡೆಗೆ ಒರಗಿ ಕೂತಿರುತ್ತಾರೆ.

ಆ ಟೆಸ್ಟಿನ ಕೊನೆಯ ದಿನದವರೆಗೂ ಯಾರೂ ಬರಲಿಲ್ಲ. ಆ ದಿನ ನಾನೇ ರೇಡಿಯೋ ಹಚ್ಚಿದೆ. ಎರಡನೆಯ ಇನಿಂಗ್ಸಿನಲ್ಲಿ ನಮ್ಮವರ ಕೊನೆಯ ಜೋಡಿ ಆಡುತ್ತಿತ್ತು. ಡ್ರಾ ಆಗಬೇಕಾದರೆ ಸಂಜೆಯವರೆಗೆ ನಿಲ್ಲಬೇಕಿತ್ತು. ಮತ್ತೆ ಒಂದು ರನ್ ಬಿಟ್ಟರು. ಇವರ ತುಟಿ ಮಾತ್ರ ಅಲುಗಿತು. ನಾನು ಅಡಿಗೆಮನೆಯ ಬಾಗಿಲು ಬಿಟ್ಟು ಜಗಲಿಗೆ ಬಂದು ಎದುರಿಗೆ ಕುಳಿತೆ. ಅಲ್ಲಿ ನಾನು ಯಾವತ್ತೂ ಕೂತವಳಲ್ಲ.

"ಓಡದೇ ಇದ್ದದ್ದೇ ಸರಿ" ಎಂದೆ. "ನಿಲ್ಲುವವ ಒಬ್ಬ ಇರುವಾಗ ಬೀಳುವವನ್ನ ಎಂತಕ್ಕೆ ಮುಂದೆ ಹಾಕೂದು?"

ಅವರು ತಿರುಗಿ ನೋಡಿದರು. "ಬೀಳ್ತಾನೆ ಅಂತ ನಿಂಗೆ ಯಾರು ಹೇಳಿದ್ದು?"

"ಕಾಸರಕೋಡಿನಲ್ಲಿ ಎಂತ ಆತು, ಊರಿಗೇ ಗೊತ್ತುಂಟಲ್ಲ."

ಅವರಿಗೆ ನಗು ಬಂತು, ಹಿಂದೆಯೇ ಕೆಮ್ಮು. ನಾನು ನೀರಿನ ಚೊಂಬಿಗೆ ಕೈ ಚಾಚಿದೆ. ಆದರೆ ಬೆರಳು ಎದ್ದಿತ್ತು. ಬಾಲದವನ ಸುತ್ತ ಮುತ್ತಿಕೊಂಡು ನಿಂತ ಫೀಲ್ಡರುಗಳು ಹೆದರಿಸಲೆಂದೇ ನಿಂತಿರುತ್ತಾರೆ, ಬಾಲದವನು ಎರಡು ಓವರು ಎದುರಿಸಿದರೆ ತಾವಾಗಿ ಹಿಂದೆ ಸರಿಯುತ್ತಾರೆ, ಆಗ ಇಬ್ಬರಿಗೂ ಆಡಲು ಜಾಗ ಸಿಗುತ್ತದೆ ಎಂದು ವಿವರಿಸಿದರು. ನಾನು ಸಾಹೇಬರ ಬಾಯಿಂದ ಕೇಳಿದ್ದನ್ನೆಲ್ಲ ಒಂದೊಂದಾಗಿ ಎದುರಿಗಿಟ್ಟೆ. ಕೊನೆಗೆ, "ಮುಗೀಲಿಕ್ಕೆ ಒಂದು ಬಾಲ್ ಸಾಕಲ್ಲ" ಎಂದುಬಿಟ್ಟೆ.

ಹೇಳಿದ ಮೇಲೆ ಹೆದರಿದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಸಾಕು" ಎಂದರು. "ಆದ್ರೆ ಅದನ್ನ ಅವನೇ ಆಡ್ಬೇಕು."

ಅನ್ನ ತಳ ಹಿಡಿದಿತ್ತು. ಅವರು ಅದನ್ನೇ ಎರಡು ಸಲ ಹಾಕಿಸಿಕೊಂಡು ಉಂಡರು.

ಮರುದಿನ ನಾನು ಪೇಟೆಗೆ ಹೋದಾಗ ಸಾಹೇಬರ ಅಂಗಡಿಯ ಮುಂದೆ ನಿಂತು, ಇನ್ನು ಇವರ ಮಾತಿಗೆ ಹೌದು ಎನ್ನುವುದಾದರೆ ನಮ್ಮ ಮನೆಗೆ ಬರಬೇಡಿ ಎಂದು ಹೇಳಿದೆ. ಡಾಕ್ಟರು ಬೈಯುವುದಿಲ್ಲವೇ ಎಂದು ಅವರು ಕೇಳಿದರು. ಬೈದರೆ ನನ್ನನ್ನು ಬೈಯಲಿ ಎಂದೆ. ಆ ಸಂಜೆ ಜಗಲಿಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಮನೆಯವರು ಬಂದು ಇಣುಕಿ ಹೋದರು. ನಾನು ಸಾಹೇಬರ ಪಕ್ಷದಲ್ಲಿ ಕೂತಿದ್ದೆ.

ಆ ಚಳಿಗಾಲ, ಆಮೇಲಿನ ಬೇಸಿಗೆ ಹಾಗೆಯೇ ಕಳೆಯಿತು. ಮಳೆಗಾಲದಲ್ಲಿ, ಲಾಂಚು ನಿಂತಿದ್ದ ಒಂದು ದಿನ, ಮಧ್ಯಾಹ್ನದ ಊಟ ಮುಗಿಸಿ ಕೂತಲ್ಲೇ ಹೋದರು. ಆ ಹೊತ್ತಿಗೆ ರೇಡಿಯೋದಲ್ಲಿ ಯಾವ ಆಟವೂ ಇರಲಿಲ್ಲ.

ನಾನು ಎದುರು ವಾದಿಸಿದ್ದರಿಂದ ಅವರ ದಿನಗಳು ಹೆಚ್ಚಿದವೋ ಕಡಿಮೆಯಾದವೋ ನನಗೆ ತಿಳಿಯದು. ಡಾಕ್ಟರರನ್ನು ನಾನು ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ. ಈಗಲೂ ಟೆಸ್ಟ್ ಇದ್ದ ದಿನ ರೇಡಿಯೋ ಹಚ್ಚುತ್ತೇನೆ. ಒಂಬತ್ತನೆಯ ವಿಕೆಟ್ ಬಿದ್ದು ಕೊನೆಯವನು ಬಂದಾಗ, ಓಡಬಾರದು ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಅಲ್ಲ ಎನ್ನುವವರು ಮನೆಯಲ್ಲಿ ಇಲ್ಲ.